ಮೂವತ್ತನಾಲ್ಕು ಅಂತ ಬರೆದ ಬೆಳಿಗ್ಗೆ

ಅರಸೀಕೆರೆ
೨೮ ಸೆಪ್ಟೆಂಬರ್ ೧೯೮೬

ಬಸ್ತಿಹಳ್ಳಿಯ ಶೀಲಾವತಿಗೆ ದ್ರಾಕ್ಷಾಯಣಿ ಬರೆಯುವುದು.

ಈ ವರ್ಷ ನಿನ್ನ ಕಾರ್ಡು ಬರಲಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ ನಿಮ್ಮವರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಒಂದಿದೆಯಲ್ಲ, ಅವತ್ತು ಬರೆದು ಹಾಕಿದ ಕಾರ್ಡು ನಾಲ್ಕೈದು ದಿನಕ್ಕೆಲ್ಲ ನನ್ನ ಕೈಸೇರುತ್ತಿತ್ತು. "ಮನಸ್ಸಿನಿಂದ, ಮಾತಿನಿಂದ, ಮೈಯಿಂದ, ತಿಳಿದೋ ತಿಳಿಯದೆಯೋ ನಿನಗೆ ನೋವು ಮಾಡಿದ್ದರೆ ಕ್ಷಮಿಸು." ನೆಂಟರಿಷ್ಟರಿಗೆಲ್ಲ ನೀನು ಇದನ್ನೇ ಬರೆಯುತ್ತೀಯ ಅಂತ ಗೊತ್ತು. ಆದರೆ ನನ್ನ ಕಾರ್ಡಿನ ಕೊನೆಗೆ ಮಾತ್ರ ಇನ್ನೊಂದು ಸಾಲು ಇರುತ್ತಿತ್ತು: "ಊಟ ಹೊತ್ತಿಗೆ ಸರಿಯಾಗಿ ಮಾಡು." ಐದು ವರ್ಷಕ್ಕೆ ಐದು ಕಾರ್ಡು, ಆಸ್ಪತ್ರೆಯ ನನ್ನ ಮೇಜಿನ ಡ್ರಾಯರಿನಲ್ಲಿವೆ. ಈ ಸಲ ಪೋಸ್ಟ್‌ಮನ್ ಜವರಪ್ಪನನ್ನು ಮೂರು ಸಲ ಕೇಳಿದೆ. "ಬಂದಿದ್ರೆ ಕೊಡ್ದೆ ನಾನೇನು ಮಡಿಕ್ಕೊಂತೀನೇನ್ರವ್ವಾ?" ಅಂತ ರೇಗಿಬಿಟ್ಟ.

ನೀನು ಬರೆಯದಿದ್ದುದಕ್ಕೆ ನನಗೆ ಕೋಪವಿಲ್ಲ. ಕೋಪ ಮಾಡಿಕೊಳ್ಳುವ ಮುಖ ನನಗಿಲ್ಲ. ಐದು ಕಾರ್ಡುಗಳಲ್ಲಿ ಒಂದಕ್ಕೂ ನಾನು ಉತ್ತರ ಹಾಕಲಿಲ್ಲ. ಪ್ರತಿ ವರ್ಷ ಇನ್‌ಲ್ಯಾಂಡ್ ಲೆಟರ್ ತಂದು, "ಶೀಲಾ" ಅಂತ ಬರೆದು, ಮುಂದೆ ಹೋಗಲಾರದೆ ಹರಿದುಹಾಕುತ್ತಿದ್ದೆ. ಇವತ್ತು ಮುಗಿಸಿಯೇ ಏಳುತ್ತೇನೆ. ಭಾನುವಾರ, ಆಸ್ಪತ್ರೆಯಲ್ಲಿ ಯಾರೂ ಇಲ್ಲ. ಮೊದಲಿನಿಂದ ಹೇಳುತ್ತಾ ಬರುತ್ತೇನೆ, ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಹಾಗೆ ಹೇಳಿಕೊಂಡು ಬರದಿದ್ದರೆ ಹೇಳಬೇಕಾದ ಜಾಗಕ್ಕೆ ಬಂದಾಗ ಮತ್ತೆ ತಪ್ಪಿಸಿಕೊಳ್ಳುತ್ತೇನೆ.

ಎಪ್ಪತ್ತೆಂಟರಲ್ಲಿ ಏಕಾಂತಯ್ಯ ಡಾಕ್ಟರು ಬೆಂಗಳೂರಿನ ಕೆಲಸ ಬಿಟ್ಟು ಇಲ್ಲಿ ಸ್ಟೇಷನ್ ಹತ್ತಿರ ಆಸ್ಪತ್ರೆ ತೆರೆದಾಗ ಆ ಮಿಷನ್ನನ್ನೂ ಹೊತ್ತು ತಂದರು. ಯಾವುದೋ ದೊಡ್ಡ ಆಸ್ಪತ್ರೆ ಹಳೆಯದಾಯಿತೆಂದು ಬಿಸಾಡಿದ್ದು. ಕೈಕಾಲು ಸ್ಪರ್ಶ ಕಳೆದುಕೊಂಡವರು, ಮರದಿಂದ ಬಿದ್ದವರು, ಸಕ್ಕರೆ ಕಾಯಿಲೆಯವರು, ಕುಷ್ಠ ಇರಬಹುದೆಂದು ಹೆದರಿ ಬಂದವರು, ಇವರ ನರ ಎಷ್ಟು ಚುರುಕಾಗಿದೆ ಅಂತ ಅಳೆಯುವ ಯಂತ್ರ. ಪಿಯುಸಿ ಮುಗಿಸಿ ಗೆಂಡೆಹಳ್ಳಿಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಮೂರು ತಿಂಗಳು ಬೆಂಗಳೂರಿಗೆ ಕಳಿಸಿ ಕೆಲಸ ಕಲಿಸಿದರು. ನಾನು ಇಲ್ಲಿ ಕೆಲಸಕ್ಕೆ ಸೇರಿದಾಗ ನೀನು ಆಗಲೇ ಈ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮೊದಲ ದಿನ ನಾನು ಮಿಷನ್ನಿಗೆ ಕುಂಕುಮ ಇಟ್ಟು ಊದುಬತ್ತಿ ಹಚ್ಚಿದ್ದನ್ನು ನೋಡಿ, "ಇದಕ್ಕೆ ನೈವೇದ್ಯ ಏನೇ?" ಅಂತ ಕೇಳಿದವಳು ನೀನು.

ನೈವೇದ್ಯ ನಿನ್ನ ಕಾಲೇ ಆಯಿತು. ಡಾಕ್ಟರು ಹೇಳಿದ್ದರು, ಈ ಹಳೇ ಮಿಷನ್ನನ್ನು ನಂಬುವ ಹಾಗಿಲ್ಲ, ದಿನಾ ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಆರೋಗ್ಯವಾಗಿರುವ ಒಬ್ಬರದೇ ಕಾಲಿನ ಮೇಲೆ ಪರೀಕ್ಷೆ ಮಾಡಿ ನೋಡಬೇಕು ಅಂತ. ಎಂಟೂ ಮುಕ್ಕಾಲಿನ ರೈಲುಗಾಡಿ ಹೊರಟು ಬೆಂಚಿನ ಅದುರು ನಿಂತ ಮೇಲೆ ನೀನು ಬೋರಲು ಮಲಗುತ್ತಿದ್ದೆ. ನಾನು ನಿನ್ನ ಮಂಡಿಯ ಹಿಂದಿನ ಗುಳಿಯಲ್ಲಿ ಉಪ್ಪುನೀರಿನ ಬಟ್ಟೆ ಸುತ್ತಿದ ಗುಂಡಿ ಇಟ್ಟು, ಮೀನಖಂಡದ ಮೇಲೆ ಎರಡು ತಗಡಿನ ಬಿಲ್ಲೆ ಅಂಟಿಸಿ, ಕರೆಂಟಿನ ತಿರುಪನ್ನು ಸೊನ್ನೆಯಿಂದ ಮೆಲ್ಲಗೆ ಮೇಲೇರಿಸುತ್ತಿದ್ದೆ. ಚಿಟಿಕೆ ಹೊಡೆದಷ್ಟು ಪೆಟ್ಟು. ಹಸಿರು ಪರದೆಯ ಮೇಲೆ ಒಂದು ಉಬ್ಬು ಏಳುತ್ತಿತ್ತು.

ರೋಗಿಗಳಿಗೆ ಅದನ್ನು ವಿವರಿಸುವುದು ನಿನ್ನ ಕೆಲಸವಾಗಿತ್ತು. ನನಗಿಂತ ಚೆನ್ನಾಗಿ ಹೇಳುತ್ತಿದ್ದೆ. ಮಂಡಿಯ ಹಿಂದೆ ಕೊಟ್ಟ ಕರೆಂಟಿಗೆ ಎರಡು ದಾರಿ ಇದೆ. ಒಂದು ನೇರವಾಗಿ ಕೆಳಗಿಳಿದು ಮೀನಖಂಡ ಕುಣಿಸುವುದು. ಇನ್ನೊಂದು ಮೇಲೆ ಬೆನ್ನುಹುರಿಯವರೆಗೆ ಹೋಗಿ, ಅಲ್ಲಿ ಸುದ್ದಿ ಮುಟ್ಟಿಸಿ, ತಿರುಗಿ ಬಂದು ಅದೇ ಮೀನಖಂಡ ಕುಣಿಸುವುದು. ಅದು ತಡವಾಗಿ ಬರುತ್ತದೆ, ಆದರೆ ತೀರ ಸಣ್ಣ ಕರೆಂಟಿಗೂ ಏಳುತ್ತದೆ. ಕರೆಂಟು ಜೋರು ಮಾಡಿದಷ್ಟೂ ನೇರದ ಅಲೆ ದೊಡ್ಡದಾಗಿ, ಹೋಗಿಬಂದ ಅಲೆ ಕುಗ್ಗಿ ಕೊನೆಗೆ ಮಾಯವಾಗುತ್ತದೆ. "ಮೆತ್ತಗೆ ಕೇಳಿದ್ರೆ ಮಾತ್ರ ಉತ್ತರ ಬರುತ್ತೆ, ಗದರಿಸಿದ್ರೆ ಬರಲ್ಲ, ನಿಮ್ಮ ಸೊಸೆ ಹಾಗೆ" ಅಂತ ಹನುಮಮ್ಮನಿಗೆ ನೀನು ಹೇಳಿದಾಗ ಆ ಮುದುಕಿ ಬೆಂಚಿನ ಮೇಲೇ ಮೈಕುಲುಕಿ ನಕ್ಕು, ಪರದೆಯೆಲ್ಲ ಚೆಲ್ಲಾಪಿಲ್ಲಿಯಾಗಿತ್ತು.

ಹೋಗಿಬರುವ ಆ ಅಲೆ ಮೊದಲು ಕಾಣಿಸುವ ತಿರುಪಿನ ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದೆವು, ಅಂಕಿ ಕಡಿಮೆಯಿದ್ದಷ್ಟೂ ನರ ಚುರುಕು. ನಿನ್ನದು ಮೂವತ್ತನಾಲ್ಕು. ಮಳೆ ಬರಲಿ, ಬಿಸಿಲಿರಲಿ, ಮೂವತ್ತನಾಲ್ಕು. ಆ ಅಲೆ ಬಲು ನಾಜೂಕು, ಮಲಗಿದವರು ಕೈ ಮುಷ್ಟಿ ಹಿಡಿದರೂ ಹಲ್ಲು ಕಚ್ಚಿದರೂ ದೊಡ್ಡದಾಗಿಬಿಡುತ್ತದೆ. ನೀನು ಮಾತ್ರ ಸುಮ್ಮನೆ ಮಲಗಬಲ್ಲವಳು. ಚಿಕ್ಕಂದಿನಿಂದ ಬಸದಿಯಲ್ಲಿ, ಆ ಎತ್ತರದ ಪಾರ್ಶ್ವನಾಥನ ಎದುರು, ಕಣ್ಣು ಮುಚ್ಚಿ ಕೈ ಇಳಿಬಿಟ್ಟು ಅರ್ಧ ಗಂಟೆ ಅಲ್ಲಾಡದೆ ನಿಂತು ರೂಢಿಯಾದವಳು. ನಿನ್ನಷ್ಟು ನಿಶ್ಚಲವಾದ ಮೈಯನ್ನು ನಾನು ಈ ಕೆಲಸದಲ್ಲಿ ಮತ್ತೆ ಕಂಡಿಲ್ಲ. ಡಾಕ್ಟರು ಬಂದವರ ಮುಂದೆಲ್ಲ, "ನಮ್ಮ ಶೀಲಾವತಿ ಕಾಲೇ ನಮಗೆ ತೂಕದ ಬಟ್ಟು" ಅನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆಮೇಲೆ ನಮ್ಮ ಸಂಜೆಗಳು. ಹೊತ್ತು ಮುಳುಗುವ ಮುಂಚೆ ನಿನ್ನ ಊಟ ಆಗಬೇಕು. ಐದೂವರೆಗೆ ಸರಿಯಾಗಿ ನೀನು ಡಬ್ಬಿ ತೆಗೆದರೆ ನನಗೂ ಅದೇ ಹೊತ್ತಿಗೆ ಹಸಿವು. ನಿನ್ನ ಡಬ್ಬಿಯಲ್ಲಿ ಮೊಸರಿಲ್ಲ, ಮಜ್ಜಿಗೆಯಿಲ್ಲ, ತುಪ್ಪವಿಲ್ಲ. ನಿಮ್ಮಮ್ಮ ಧರ್ಮಾವತಮ್ಮ ತೀರಿಕೊಂಡ ವರ್ಷ ಹಾಲಿನ ಪದಾರ್ಥ ಯಾವುದೂ ಮುಟ್ಟುವುದಿಲ್ಲ ಅಂತ ವ್ರತ ಹಿಡಿದವಳು ನೀನು, ಆಗಲೇ ಆರು ವರ್ಷವಾಗಿತ್ತು. "ನಿನ್ನನ್ನು ಕಟ್ಟಿಕೊಳ್ಳೋನಿಗೆ ಕಾಫಿ ಯಾರೇ ಮಾಡಿಕೊಡ್ತಾರೆ?" ಅಂತ ನಾನು ರೇಗಿಸುತ್ತಿದ್ದೆ. "ನೀನು ಬಂದು ಮಾಡಿಕೊಡು, ಇಬ್ಬರೂ ಇರೋಣ" ಅಂತ ನೀನು ಅನ್ನುತ್ತಿದ್ದೆ. ನಾನು ಅದನ್ನು ತಮಾಷೆ ಅಂತ ತಿಳಿಯಲಿಲ್ಲ, ನಿಜ ಅಂತಲೂ ಕೇಳಲಿಲ್ಲ.

ಎಪ್ಪತ್ತೊಂಬತ್ತರ ಯುಗಾದಿ ಕಳೆದ ಮೇಲೆ ಇರಬೇಕು, ಒಂದು ಬೆಳಿಗ್ಗೆ ನಿನ್ನ ಅಂಕಿ ಮೂವತ್ತಾರು ಬಂತು. ನಾನು ಮಿಷನ್ನನ್ನು ಬೈದೆ. ಅರಸೀಕೆರೆಯ ಕರೆಂಟು ನಿನಗೆ ಗೊತ್ತಲ್ಲ, ಬಲ್ಬು ಕೆಂಪಗೆ ಉರಿಯುವ ದಿನಗಳೇ ಹೆಚ್ಚು. ಮಿಷನ್ನಿನ ಬೆನ್ನಿಗೆ ಒಂದು ಸ್ಕ್ರೂ ಇತ್ತು, ಅದನ್ನು ಒಂದಿಷ್ಟು ತಿರುಗಿಸಿದರೆ ಕರೆಂಟು ಏರುತ್ತಿತ್ತು. ನಿನ್ನ ಅಂಕಿ ಮೂವತ್ತನಾಲ್ಕಕ್ಕೆ ಬರುವ ತನಕ ತಿರುಗಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ ಮೂವತ್ತೈದು. ಮತ್ತೆ ಒಂದಿಷ್ಟು ತಿರುಗಿಸಿದೆ. ತೂಕದ ಬಟ್ಟೇ ಸವೆಯುತ್ತಿರಬಹುದು ಅಂತ ನನಗೆ ಹೊಳೆಯಲಿಲ್ಲ. ತಕ್ಕಡಿಯನ್ನೇ ರಿಪೇರಿ ಮಾಡುತ್ತಾ ಒಂದೂವರೆ ವರ್ಷ ಕಳೆದೆ. ನಡುವೆ ಕೆಲವು ರೋಗಿಗಳಿಗೆ ಇಪ್ಪತ್ತಕ್ಕೇ ಅಲೆ ಎದ್ದರೆ, ನಮ್ಮ ಹಳ್ಳಿಯವರ ನರ ಎಷ್ಟು ಗಟ್ಟಿ ಅಂತ ಹೆಮ್ಮೆಪಟ್ಟವಳು ನಾನು.

ನಿನ್ನ ಕಾಲು ಮಾತ್ರ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಲೇ ಇತ್ತು. ಸ್ಟೇಷನ್ನಿನಿಂದ ಬರುವಾಗ ಒಂದು ಚಪ್ಪಲಿ ಎಲ್ಲೋ ಕಳಚಿಬಿದ್ದು, ಬರಿಗಾಲಲ್ಲೇ ಆಸ್ಪತ್ರೆಯವರೆಗೆ ಬಂದಿದ್ದೆ. ಬಾಗಿಲಲ್ಲಿ ಜವಾನ ಚಿಕ್ಕಣ್ಣ, "ಅಕ್ಕಾ, ಇನ್ನೊಂದು ಜೋಡು ಎಲ್ಲೈತೆ?" ಅಂದಾಗಲೇ ನಿನಗೆ ತಿಳಿದದ್ದು. ವಾರಗಟ್ಟಲೆ ನಕ್ಕೆವು. "ಪಾದ ಜೋಮು ಹಿಡಿದ ಹಾಗೇ ಇರುತ್ತೆ ಕಣೇ, ಹತ್ತಿ ಮೇಲೆ ನಡೆದ ಹಾಗೆ" ಅಂತ ನೀನು ಅಂದದ್ದು ಒಂದು ಸಲವಲ್ಲ. "ದಿನಾ ಶಾಕ್ ಹೊಡೆಸಿಕೊಳ್ಳೋಳಿಗೆ ಇನ್ನೇನಾಗುತ್ತೆ?" ಅಂದೆ. ನರದ ಕೆಲಸ ಕಲಿತವಳು ನಾನು, ಊರವರಿಗೆಲ್ಲ ಪಾದದ ಜೋಮು ಇದೆಯಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದವಳು.

ಈಗ ಆ ಜಾಗಕ್ಕೆ ಬಂದೆ. ಎಂಬತ್ತರ ಗೌರಿಹಬ್ಬಕ್ಕೆ ಎರಡು ದಿನ ಮುಂಚೆ ಬೆಂಗಳೂರಿನಿಂದ ಮಿಷನ್ ಸರ್ವೀಸಿನವನು ಬಂದ. ನೀನು ಅವತ್ತು ವಾರ್ಡಿನಲ್ಲಿದ್ದೆ. ಅವನು ಮೀಟರು ಹಚ್ಚಿ ನೋಡಿ, "ಯಾರ್ರೀ ಈ ಸ್ಕ್ರೂ ಮುಟ್ಟಿದೋರು? ನೀವು ಮೂವತ್ತು ಅಂದ್ರೆ ಇದು ಅರವತ್ತು ಕೊಡ್ತಾ ಇದೆ" ಅಂದ. ಪುಣ್ಯಕ್ಕೆ ಡಾಕ್ಟರು ಊರಲ್ಲಿರಲಿಲ್ಲ. ಅವನು ಸ್ಕ್ರೂವನ್ನು ಹಳೇ ಗುರುತಿಗೆ ತಂದು, ಮೇಲೆ ಅರಗು ಹಾಕಿ ಹೋದ.

ಮರುದಿನ ಬೆಳಿಗ್ಗೆ ಗಾಡಿ ಹೋದ ಮೇಲೆ ನೀನು ಎಂದಿನಂತೆ ಬೋರಲು ಮಲಗಿದೆ. ಮಧ್ಯಾಹ್ನದ ಬಸ್ಸಿಗೆ ನೀನು ಪರ್ವಕ್ಕೆ ಊರಿಗೆ ಹೊರಡುವವಳು, ಚೀಲ ಬೆಂಚಿನ ಪಕ್ಕದಲ್ಲೇ ಇತ್ತು. ತಿರುಪು ಏರಿಸಿದೆ. ಮೂವತ್ತನಾಲ್ಕಕ್ಕೆ ಏನೂ ಇಲ್ಲ. ನಲವತ್ತು, ಐವತ್ತು, ಪರದೆಯ ಗೆರೆ ನೆಟ್ಟಗೆ ಹೋಗುತ್ತಿದೆ. ಅರವತ್ತೈದಕ್ಕೆ ನೇರದ ಅಲೆ ಬಡವಾಗಿ ಎದ್ದಿತು. ಹೋಗಿಬರುವ ಅಲೆ ಬರಲೇ ಇಲ್ಲ; ಇತ್ತೀಚೆಗೆ ನಾನು ಅದೇ ಅಂದುಕೊಂಡು ಬರೆಯುತ್ತಿದ್ದದ್ದು ಈ ನೇರದ ಅಲೆಯನ್ನೇ ಇರಬೇಕು. ಗುಂಡಿಯನ್ನು ಆ ಕಡೆ ಈ ಕಡೆ ಸರಿಸಿದೆ, ಬಟ್ಟೆಗೆ ಮತ್ತೆ ಉಪ್ಪುನೀರು ಹಾಕಿದೆ. ಬರಲಿಲ್ಲ. ನೀನು ದಿಂಬಿನೊಳಗೆ ಮುಖವಿಟ್ಟುಕೊಂಡೇ, "ಬಂತಾ?" ಅಂತ ಕೇಳಿದೆ.

"ಬಂತು. ಮೂವತ್ತನಾಲ್ಕು" ಅಂದೆ. ಪುಸ್ತಕದಲ್ಲಿ ಹಾಗೇ ಬರೆದೆ. ನನ್ನ ಕೈಯಿಂದ.

ಯಾಕೆ ಅಂದೆ ಅಂತ ಆರು ವರ್ಷದಿಂದ ಕೇಳಿಕೊಂಡಿದ್ದೇನೆ. ಆ ಕ್ಷಣಕ್ಕೆ, ಸರ್ವೀಸಿನವನೇ ಏನೋ ಕೆಡಿಸಿರಬೇಕು ಅಂದುಕೊಂಡೆ, ಅದು ನಿಜ. ಆದರೆ ಮಧ್ಯಾಹ್ನ ಚಿಕ್ಕಣ್ಣನನ್ನು ಹಿಡಿದು ಮಲಗಿಸಿದೆ. "ಇರುವೆ ಕಚ್ಚಿದಂಗೈತೆ, ಬುಟ್ಬುಡ್ರವ್ವಾ" ಅಂತ ಅವನು ಗೋಳಾಡುತ್ತಿರುವಾಗ ಪರದೆಯ ಮೇಲೆ ಹೋಗಿಬಂದ ಅಲೆ ಅಚ್ಚುಕಟ್ಟಾಗಿ ಎದ್ದು ನಿಂತಿತು. ಅಂಕಿ ಮೂವತ್ತೈದು. ಮಿಷನ್ ಸರಿಯಾಗಿತ್ತು. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ. ನಿನ್ನ ಬಸ್ಸು ಎರಡೂವರೆಗೆ. ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ.

ನಾನು ಹೋಗಲಿಲ್ಲ ಶೀಲಾ. ಹೋದರೆ ಸ್ಕ್ರೂವಿನ ಮಾತು ಬರುತ್ತದೆ. ಒಂದೂವರೆ ವರ್ಷ ನಾನು ಸಹಿ ಹಾಕಿ ಕೊಟ್ಟ ರಿಪೋರ್ಟುಗಳೆಲ್ಲ ತಪ್ಪು, ಕಾಯಿಲೆ ಇದ್ದವರಿಗೂ ಚೆನ್ನಾಗಿದ್ದೀರಿ ಅಂತ ಹೇಳಿ ಕಳಿಸಿದ್ದೇನೆ ಅಂತ ಡಾಕ್ಟರ ಮುಂದೆ ನಿಲ್ಲಬೇಕಾಗುತ್ತದೆ. ಕೆಲಸ ಹೋದರೆ ಮತ್ತೆ ಗೆಂಡೆಹಳ್ಳಿ. ಹತ್ತು ದಿನ ತಾನೆ, ಪರ್ವ ಮುಗಿಸಿ ಬರಲಿ, ಅಷ್ಟರಲ್ಲಿ ಹೇಳುವ ದಾರಿ ಹುಡುಕುತ್ತೇನೆ ಅಂದುಕೊಂಡೆ. ಅವತ್ತು ಸಂಜೆ ಐದೂವರೆಗೆ ಡಬ್ಬಿ ತೆಗೆದು ಪೂರ್ತಿ ಊಟ ಮಾಡಿದೆ. ಅದನ್ನು ನೆನೆದಾಗೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪರ್ವದ ಒಂಬತ್ತನೇ ದಿನ ನೀನು ಬಸದಿಯಲ್ಲಿ ಬಿದ್ದೆ. ಒಪ್ಪೊತ್ತಿನ ಊಟ, ಬೆಳಗಿನ ಧ್ಯಾನ. ಎಂದಿನಂತೆ ನಿಂತು, ಎಂದಿನಂತೆ ಕಣ್ಣು ಮುಚ್ಚಿದೆ. ನಿನಗಿದ್ದಂಥ ನರದ ಕಾಯಿಲೆಯಲ್ಲಿ ಪಾದ ಎಲ್ಲಿದೆ ಅಂತ ಮೈಗೆ ಗೊತ್ತಾಗುವುದಿಲ್ಲ, ಕಣ್ಣು ತೆರೆದಿರುವ ತನಕ ಕಣ್ಣು ಕಾಪಾಡುತ್ತದೆ, ಮುಚ್ಚಿದರೆ ಮೈ ವಾಲುತ್ತದೆ. ಇದನ್ನು ನಾನು ಬೆಂಗಳೂರಿನಲ್ಲಿ ಬಾಯಿಪಾಠ ಮಾಡಿದ್ದೆ. ನಿನ್ನ ಅತ್ತಿಗೆ ತ್ರಿಶಲಾ ಆಮೇಲೆ ಹೇಳಿದರು, "ಕನ್ನಡಿ ಹಾಗೆ ಹೊಳೆಯೋ ಕಂಬದಲ್ಲಿ ಇವಳು ವಾಲೋದು ಕಾಣಿಸ್ತು ಕಣ್ರೀ, ತಿರುಗಿ ಹಿಡಿಯೋ ಅಷ್ಟರಲ್ಲಿ ಕಲ್ಲಿನ ಮೇಲೆ ಬಿದ್ದಾಗಿತ್ತು." ತೊಡೆಯ ಮೂಳೆ ಮುರಿದಿತ್ತು.

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಅರಸೀಕೆರೆಗೇ ಕರೆತಂದರು. ಡಾಕ್ಟರು ನಿನ್ನ ಪಾದದ ಹೆಬ್ಬೆರಳು ಮೇಲೆ ಕೆಳಗೆ ಆಡಿಸಿ, ಯಾವ ಕಡೆ ಅಂತ ಕೇಳಿದರು. ನೀನು ಸುಮ್ಮನೆ ಊಹಿಸಿ ಹೇಳುತ್ತಿದ್ದೆ. ನಾಲಿಗೆ ನೋಡಿದರು, ಊಟದ ವಿಷಯ ಕೇಳಿದರು. ಎಂಟು ವರ್ಷ ಹಾಲು ಮೊಸರಿಲ್ಲದೆ ಮೈಯಲ್ಲಿ ಬಿ ಹನ್ನೆರಡು ಅನ್ನುವ ಸತ್ವ ಬರಿದಾಗಿ ನರ ಸೊರಗಿತ್ತು. ಕೆಂಪು ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ಸರಿಹೋಗುವ ಕಾಯಿಲೆ, ಬೇಗ ಗೊತ್ತಾಗಬೇಕು ಅಷ್ಟೆ. ಡಾಕ್ಟರು ವರಾಂಡಕ್ಕೆ ಬಂದು ನನಗೆ ಹೇಳಿದರು: "ಹದಿನೈದು ದಿನ ಮುಂಚೆ ಗೊತ್ತಾಗಿದ್ರೆ ನರದ ಮಾತು ಹಾಗಿರಲಿ, ಈ ಹುಡುಗಿ ಬೀಳ್ತಿರಲಿಲ್ಲಮ್ಮ. ಕಣ್ಣು ಮುಚ್ಚಿ ನಿಲ್ಲಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು." ಅಲ್ಲೇ ಸ್ಕ್ರೂವಿನ ವಿಷಯ ಅವರಿಗೆ ಹೇಳಿದೆ. ಬೈದರು, ಕೆಲಸದಿಂದ ತೆಗೆಯಲಿಲ್ಲ. ಅರವತ್ತೆರಡು ರೋಗಿಗಳನ್ನು ಊರೂರಿಗೆ ಕಾಗದ ಹಾಕಿ ಕರೆಸಿ ಮತ್ತೆ ಪರೀಕ್ಷೆ ಮಾಡಿದೆವು, ಅದು ನಿನಗೂ ಗೊತ್ತು. ಆ ಬೆಳಗಿನ ಮೂವತ್ತನಾಲ್ಕರ ವಿಷಯ ಅವರಿಗೂ ಹೇಳಲಿಲ್ಲ.

ಮೂರು ದಿನ ಕಳೆದು ಕ್ಷಮೆಯ ದಿನ ಬಂತು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ನೀನು ನನ್ನನ್ನು ಹತ್ತಿರ ಕರೆದು, ಎರಡೂ ಕೈ ಜೋಡಿಸಿದೆ. "ದ್ರಾಕ್ಷಿ, ನಿನಗೊಂದು ಮೋಸ ಮಾಡಿದ್ದೀನಿ ಕಣೇ. ನಂಬರ್ ಬರದೇ ಇದ್ದಾಗ ನೀನು ಸ್ಕ್ರೂ ಹಿಡಕೊಂಡು ಅಳೋ ಹಾಗಾಗ್ತಿದ್ದೆ. ಅದಕ್ಕೆ ನಾನು ದಿಂಬಲ್ಲಿ ಮುಖ ಇಟ್ಟುಕೊಂಡು ಹಲ್ಲು ಕಚ್ಚಿ ಹಿಡೀತಿದ್ದೆ, ಅಲೆ ಬರಲಿ ಅಂತ. ಎಷ್ಟೋ ತಿಂಗಳು ಹಾಗೇ ಮಾಡಿದೆ. ನನ್ನಿಂದ ನಿನ್ನ ಲೆಕ್ಕ ಎಲ್ಲಾ ತಪ್ಪಾಯ್ತು. ಕ್ಷಮಿಸಿಬಿಡು."

ನೀನು ಅಳುತ್ತಿದ್ದೆ. ನಾನು ನಿನ್ನ ಕೈ ಹಿಡಿದುಕೊಂಡು, "ಕ್ಷಮಿಸಿದ್ದೀನಿ, ಬಿಡು" ಅಂದೆ.

ಅಷ್ಟು ದೊಡ್ಡ ಮಾತನ್ನು ನಾನು ಹೇಗೆ ಆಡಿದೆನೋ. ಕೇಳಬೇಕಾದವಳು ಕ್ಷಮಿಸುವವಳಾಗಿ ಕೂತೆ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಬಾಯಿವರೆಗೆ ಬಂದಿತ್ತು. ನೀನು ಸಮಾಧಾನವಾಗಿ ಕಣ್ಣೊರೆಸಿಕೊಂಡದ್ದನ್ನು ನೋಡಿ ನುಂಗಿಕೊಂಡೆ. ಅದಾದ ಮೇಲೆ ನಿನ್ನ ಮುಖ ನೋಡುವುದೇ ಕಷ್ಟವಾಯಿತು. ನಿಮ್ಮ ತಂದೆ ವಿಮಲನಾಥಯ್ಯನವರು ಬಂದು ನಿನ್ನನ್ನು ಊರಿಗೆ ಕರೆದುಕೊಂಡು ಹೋದ ದಿನ ನಾನು ತಲೆನೋವು ಅಂತ ರೂಮಿನಲ್ಲೇ ಮಲಗಿದ್ದೆ. ಕಾರು ನನ್ನ ರೂಮಿನ ಮುಂದೆಯೇ ಹೋಯಿತು. ಕಿಟಕಿಯ ಸಂದಿನಿಂದ ನಿನ್ನ ಕೋಲು ಮಾತ್ರ ಕಂಡಿತು.

ಈಗ ಮಿಷನ್ ಸರಿಯಿದೆಯೋ ಇಲ್ಲವೋ ಅಂತ ನೋಡಲು ಒಂದು ಮೀಟರು ಕೊಟ್ಟಿದ್ದಾರೆ, ಯಾರ ಕಾಲೂ ಬೇಕಿಲ್ಲ. ಆದರೂ ಗಾಡಿ ಹೋದ ಮೇಲೆ ದಿನಾ ನನ್ನ ಕಾಲಿಗೇ ಪಟ್ಟಿ ಕಟ್ಟಿಕೊಂಡು, ಮಂಡಿ ಸ್ಟೂಲಿನ ಮೇಲೂರಿ, ನನ್ನ ಕೈಯಿಂದಲೇ ಗುಂಡಿ ಒತ್ತಿಕೊಳ್ಳುತ್ತೇನೆ. ಒಂದು ದಿನ ಮೂವತ್ತೊಂದು, ಇನ್ನೊಂದು ದಿನ ಮೂವತ್ತೆಂಟು. ಪೆಟ್ಟು ಯಾವಾಗ ಬರುತ್ತದೆ ಅಂತ ಮೈಗೆ ಮೊದಲೇ ಗೊತ್ತಾಗಿ ಬಿಗಿದುಕೊಳ್ಳುತ್ತದೆ. "ಬಂತಾ?" ಅಂತ ಕೇಳುವವರಿಲ್ಲ. ನಾನೇ ಕೇಳಿಕೊಂಡು ನಾನೇ "ಬಂತು" ಅನ್ನುತ್ತೇನೆ, ಚಿಕ್ಕಣ್ಣ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾನೆ. ಸಂಜೆ ಐದೂವರೆಗೆ ಊಟ ಮುಗಿಸುತ್ತೇನೆ. ಅದಾದ ಮೇಲೆ ಮಾಡಲು ಏನೂ ಇರುವುದಿಲ್ಲ, ಕತ್ತಲಾಗಲು ಇನ್ನೂ ಬಹಳ ಹೊತ್ತಿರುತ್ತದೆ. ಊರಿನಿಂದ ಗಂಡು ನೋಡಿ ಬರೆಯುವುದನ್ನು ಅಣ್ಣ ನಿಲ್ಲಿಸಿದ್ದಾನೆ. ಎಲ್ಲಾ ಸೇರಿ ನಿನ್ನ ಹತ್ತಿರ ಇದ್ದ ಎರಡು ವರ್ಷವೇ ನನ್ನ ಬದುಕು ಅನ್ನಿಸುತ್ತದೆ ಶೀಲಾ. ಇದನ್ನೂ ನಿನಗೆ ಎಂದೂ ಹೇಳಿರಲಿಲ್ಲ.

ಆ ಪುಸ್ತಕದ ಹಾಳೆ ಈ ಕಾಗದದ ಜೊತೆ ಇಟ್ಟಿದ್ದೇನೆ. ಮೂವತ್ತನಾಲ್ಕನ್ನು ಇವತ್ತು ಅಡ್ಡಗೆರೆ ಹಾಕಿ ಹೊಡೆದು, ಪಕ್ಕದಲ್ಲಿ "ಬರಲಿಲ್ಲ" ಅಂತ ಬರೆದು ಸಹಿ ಮಾಡಿದ್ದೇನೆ. ಹೊಡೆಯುವ ಮುಂಚೆ, ನಿನ್ನೆಯೇ, ಡಾಕ್ಟರಿಗೂ ತೋರಿಸಿ ಹೇಳಿದೆ. ಅವರು ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಹೋಗಿ ಅವಳಿಗೆ ಹೇಳಮ್ಮ" ಅಂದರು.

ಮನಸ್ಸಿನಿಂದ, ಮಾತಿನಿಂದ, ಮೈಯಿಂದ ಅಂತ ನೀನು ಬರೆಯುತ್ತಿದ್ದೆಯಲ್ಲ, ನಾನು ಮಾಡಿದ್ದು ಮಾತಿನಿಂದ. ತಿಳಿಯದೆ ಅಲ್ಲ, ತಿಳಿದೇ. ಕ್ಷಮಿಸಿದ್ದೇನೆ ಅಂತ ತಕ್ಷಣ ಬರೆದುಬಿಡಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಸಿಟ್ಟು ಬಂದರೆ ಸಿಟ್ಟು ಮಾಡು. ಕಾಲು ಹೇಗಿದೆ, ಕೋಲು ಬಿಟ್ಟೆಯಾ, ಇಂಜೆಕ್ಷನ್ ತಿಂಗಳಿಗೊಂದು ತಪ್ಪದೆ ಹಾಕಿಸಿಕೊಳ್ಳುತ್ತಿದ್ದೀಯಾ, ಅದನ್ನು ಮೊದಲು ತಿಳಿಸು. ಕಾರ್ಡು ಬರೆಯದಿದ್ದುದಕ್ಕೆ ಕೈಗೂ ಜೋಮು ಏರಿದ್ದು ಕಾರಣವಾಗದಿರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ.

ನೀನು ಬಿದ್ದ ಮೇಲೆ ಕೂತೇ ಧ್ಯಾನ ಮಾಡುತ್ತೀಯ, ನಿಲ್ಲುವುದನ್ನು ಬಿಟ್ಟಿದ್ದೀಯ ಅಂತ ನಿಮ್ಮ ಕಡೆಯ ಯಾರೋ ಹೇಳಿದರು. ಬರುವ ಭಾನುವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ಬಸದಿಯ ಹೊರಗೆ ಕಾದಿರುತ್ತೇನೆ. ಒಳಗೆ ಬಾ ಅಂತ ಕರೆದರೆ ಬರುತ್ತೇನೆ, ಇಲ್ಲದಿದ್ದರೆ ಅದೇ ಬಸ್ಸಿಗೆ ವಾಪಸ್ಸು. ಕರೆದರೆ, ನೀನು ಮೊದಲಿನ ಹಾಗೆ ನಿಂತು ಕಣ್ಣು ಮುಚ್ಚು. ಎಷ್ಟು ಹೊತ್ತಾದರೂ ಆಗಲಿ, ನಾನು ನಿನ್ನ ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿರುತ್ತೇನೆ.

ನಿನ್ನ ಪಾದಕ್ಕೆ ನೆಲ ಮತ್ತೆ ತಿಳಿಯಲಿ.

ನಿನ್ನ,
ದ್ರಾಕ್ಷಿ